ಬಂಗು, ಗುಳಿ ಮತ್ತು ಮದುವೆ ಮುಖ

ಹಿಂದಿನ ಸಂಚಿಕೆಯಲ್ಲಿ ತಲೆಹೊಟ್ಟಿನ ಬಗ್ಗೆ ಬರೆಯುತ್ತ, ಮಾತಿಗೆ ಮಾತು ಬಂದು ‘ಮೈಕ್ರೋಡರ್ಮಾಬ್ರೇಷನ್’ ಎಂದೊಂದು ಶಬ್ದ ಹಾಕಿದ್ದೆ; ಮುಖದ ಮೇಲಿನ ಸತ್ತ ಚರ್ಮವನ್ನು ಯಂತ್ರದಿಂದ ಹಗುರಾಗಿ ಉಜ್ಜಿ ತೆಗೆಯುವ ಚಿಕಿತ್ಸೆ ಅದು. ಹೊಟ್ಟಿನ ಬಗ್ಗೆ ಬಂದ ಪತ್ರ ನಾಲ್ಕು. ಈ ಒಂದು ಶಬ್ದದ ಬಗ್ಗೆ ಬಂದದ್ದು ಮೂವತ್ತರ ಮೇಲೆ. ಒಬ್ಬರು ಅದನ್ನು ‘ಮೈಕ್ರೋ ಡರ್ಮಾ ಆಪರೇಷನ್’ ಎಂದು ಓದಿಕೊಂಡು ಹೆದರಿದ್ದಾರೆ. ಹಾವೇರಿಯ ಇನ್ನೊಬ್ಬರು ಸೀದಾ ‘ಮುಖದ ಪಾಲಿಷ್’ ಎಂದು ಬರೆದಿದ್ದಾರೆ. ನನಗೆ ಈ ಹೆಸರೇ ಸರಿ ಕಂಡಿತು, ಮುಂದೆ ನಾನೂ ಹಾಗೇ ಕರೆಯುತ್ತೇನೆ. ಐದು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ, 24 ವರ್ಷ. ವೈಶಾಖದಲ್ಲಿ ಮದುವೆ ಗೊತ್ತಾಗಿದೆ. ಇಲ್ಲಿಯ ಒಂದು ಪಾರ್ಲರಿನವರು ಆರು ಸಿಟಿಂಗಿನ ಪ್ಯಾಕೇಜಿಗೆ 12 ಸಾವಿರ ಹೇಳಿದ್ದಾರೆ. ಬಣ್ಣ ಎರಡು ಶೇಡ್ ಏರುತ್ತದಂತೆ. ನಿಜವೇ? ನೋವಾಗುತ್ತದೆಯೇ? ಕಡೆಯ ಸಿಟಿಂಗನ್ನು ಅರಿಷಿಣದ ಹಿಂದಿನ ದಿನ ಇಟ್ಟುಕೊಳ್ಳಿ, ಹೊಳಪು ಬರುತ್ತದೆ ಎನ್ನುತ್ತಾರೆ. (ಸಪ್ತಾಪುರ, ಧಾರವಾಡ)

ಉತ್ತರ: ಮೊದಲು ಬಣ್ಣದ ಮಾತು ಮುಗಿಸಿಬಿಡೋಣ ತಂಗಿ. ಏರುವುದಿಲ್ಲ. ನಿಮ್ಮ ಬಣ್ಣ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವ ಜೀವಕೋಶಗಳು ಮೇಲ್ಚರ್ಮದ ತಳದಲ್ಲಿ ಕೂತಿರುತ್ತವೆ, ಈ ಯಂತ್ರ ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ತೋಳು ಎತ್ತಿ ಒಳಭಾಗ ನೋಡಿಕೊಳ್ಳಿ. ಬಿಸಿಲು ಕಾಣದ ಆ ಬಣ್ಣ ನಿಮ್ಮದು. ಬಿಸಿಲಿಗೆ ಕಂದಿದ ಮುಖ ಅದರ ಹತ್ತಿರಕ್ಕೆ ಬರಬಹುದು, ಅದನ್ನು ದಾಟಿ ಹೋಗುವುದಿಲ್ಲ.

ಹಾಗಾದರೆ ಅದು ಮಾಡುವುದೇನು? ಸಣ್ಣವರಿದ್ದಾಗ ದೀಪಾವಳಿಗೆ ಎಣ್ಣೆ ಹಚ್ಚಿ, ಕಡ್ಲಿಹಿಟ್ಟು ಹಾಕಿ ಅವ್ವ ಕುತ್ತಿಗೆ ತಿಕ್ಕುತ್ತಿದ್ದದ್ದು ನೆನಪಿದೆಯಲ್ಲ? ‘ಸಾಕ ಯವ್ವಾ, ಉರಿತೈತಿ’ ಎಂದು ನಾನಂತೂ ಓಣಿಗೆ ಕೇಳುವಂತೆ ಒದರುತ್ತಿದ್ದೆ. ಬೂದು ಬಣ್ಣದ ಎಳೆ ಎಳೆ ಉದುರುತ್ತಿತ್ತು. ‘ನೋಡ, ಎಷ್ಟ್ ಮಣ್ಣ ಐತಿ’ ಎನ್ನುತ್ತಿದ್ದಳು ಅವ್ವ. ಬಹುಪಾಲು ಅದು ಮಣ್ಣಲ್ಲ, ಸತ್ತ ಚರ್ಮ. ಉಳ್ಳಾಗಡ್ಡಿಯ ಹೊರಗಿನ ಒಣ ಸಿಪ್ಪೆ ಇದ್ದಂತೆ ನಮ್ಮೆಲ್ಲರ ಮೈಮೇಲೂ ಸತ್ತ ಕೋಶಗಳ ಒಂದು ಪದರ ಇರುತ್ತದೆ. ಮುಖದ ಮೇಲೆ ಅದರ ದಪ್ಪ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು. ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಬರಲು ಹರೆಯದಲ್ಲಿ ಸುಮಾರು ನಾಲ್ಕು ವಾರ, ವಯಸ್ಸಾದಂತೆ ಇನ್ನೂ ತಡ. ಹಳೆಯ ಸಿಪ್ಪೆ ಉದುರದೆ ಅಲ್ಲಲ್ಲೇ ಕೂತಾಗ ಮುಖ ಮಂಕಾಗಿ ಕಾಣುತ್ತದೆ, ಪೌಡರು ಹಚ್ಚಿದರೆ ಬಿರುಕು ಬಿರುಕಾಗಿ ನಿಲ್ಲುತ್ತದೆ. ಆ ಸಿಪ್ಪೆಯನ್ನು ಒಂದೇ ಸಮನೆ ತೆಗೆಯುವುದು ಈ ಪಾಲಿಷಿನ ಕೆಲಸ.

ಯಂತ್ರ ಮೊದಲು ಬಂದದ್ದು ಇಟಲಿಯಲ್ಲಿ, 1985ರಲ್ಲಿ. ಅಲ್ಯುಮಿನಿಯಂ ಆಕ್ಸೈಡಿನ ಸಣ್ಣ ಹರಳುಗಳನ್ನು ಮುಖಕ್ಕೆ ತೂರಿ, ಅದೇ ಹಿಡಿಕೆಯಿಂದ ಸಿಪ್ಪೆಯ ಸಮೇತ ಹೀರಿಕೊಳ್ಳುತ್ತಿತ್ತು. ಬಡಿಗೇರರು ಕಟ್ಟಿಗೆ ತಿಕ್ಕುವ ಪಾಲಿಷ್ ಪೇಪರಿನ ಮೇಲೆ ಅಂಟಿಸಿರುವುದೂ ಎಷ್ಟೋ ಸಲ ಇದೇ ವಸ್ತು. ಅದಕ್ಕೇ ‘ಮುಖದ ಪಾಲಿಷ್’ ಎಂದವರ ಬಗ್ಗೆ ನನಗೆ ಗೌರವ ಬಂದದ್ದು. ಈಗ ಹರಳು ತೂರುವ ಯಂತ್ರಗಳಿಗಿಂತ ವಜ್ರದ ಸಣ್ಣ ಚೂರು ಕೂರಿಸಿದ ಉಕ್ಕಿನ ತುದಿಯವು ಹೆಚ್ಚು. ಹರಳು ಕಣ್ಣಿಗೆ ಹಾರುವ ಕಾಟ ಇಲ್ಲ, ಮೂಗಿಗೆ ಧೂಳು ಹೋಗುವುದಿಲ್ಲ. ನನ್ನ ಹತ್ತಿರ ಇರುವುದೂ ಅದೇ.

ನೋವಿನ ಬಗ್ಗೆ ನಮ್ಮ ನವನಗರದ ಒಬ್ಬ ಅಜ್ಜಿ ಹೇಳಿದ ಮಾತಿಗಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ: ‘ಬೆಕ್ಕ ಮಾರಿ ನೆಕ್ಕಿದಂಗ ಆತ್ ನೋಡ್ರಿ.’ ಮುಖ ತೊಳೆದು ಜಿಡ್ಡು ತೆಗೆದು, ಕಣ್ಣಿಗೆ ಒದ್ದೆ ಹತ್ತಿ ಇಡುತ್ತೇವೆ. ಎಡಗೈಯಿಂದ ಚರ್ಮ ಬಿಗಿಹಿಡಿದು ಬಲಗೈಯಿಂದ ತುದಿಯನ್ನು ಸೀದಾ ಗೆರೆಯಾಗಿ ಎಳೆಯುವುದು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಣೆ, ಮೂಗು, ಗದ್ದಕ್ಕೆ ತುಸು ಜೋರು, ಕಣ್ಣಿನ ಕೆಳಗೆ ಮುಟ್ಟಿಯೂ ಮುಟ್ಟದಂತೆ. ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಹಿಡಿಕೆಯೊಳಗೆ ಸಿಪ್ಪೆ ಸೋಸಿ ಹಿಡಿಯುವ ಬಿಳಿ ಬಿಲ್ಲೆ ತೆಗೆದು ತೋರಿಸುವುದು ನನ್ನ ರೂಢಿ. ಬೂದು ಬಣ್ಣದ ಹಿಟ್ಟು ಹತ್ತಿರುತ್ತದೆ. ಒಬ್ಬರು ಅದನ್ನು ಚೀಟಿಯಲ್ಲಿ ಕಟ್ಟಿಕೊಡಿ, ಮನೆಯವರಿಗೆ ತೋರಿಸಬೇಕು, ರೊಕ್ಕ ಎಲ್ಲಿ ಹೋಯಿತೆಂದು ಕೇಳುತ್ತಾರೆ ಅಂದರು. ಕಟ್ಟಿಕೊಟ್ಟೆ.

ಮುಖ ಅವತ್ತು ತುಸು ಕೆಂಪಾಗಿ ಬಿಸಿಲಿಗೆ ಹೋಗಿಬಂದಂತೆ ಕಾಣುತ್ತದೆ, ಮರುದಿನಕ್ಕೆ ಹೆಚ್ಚಾಗಿ ಇಳಿಯುತ್ತದೆ. ಕೈಯಾಡಿಸಿದರೆ ನುಣುಪು ಗೊತ್ತಾಗುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕಿ ಸಡಿಲಾಗುತ್ತವೆ, ಹಚ್ಚಿದ ಕ್ರೀಮು ಒಳಗಿಳಿಯುತ್ತದೆ. ಮದುವೆಯ ಮೇಕಪ್ಪು ಸಮನಾಗಿ ಕೂರುತ್ತದೆ, ಇದು ನಿಮಗೆ ನಿಜವಾಗಿ ಸಿಗುವ ಲಾಭ. ಸಣ್ಣದೇನಲ್ಲ. ಆದರೆ ಸಿಪ್ಪೆ ಮತ್ತೆ ಬೆಳೆಯುತ್ತದೆಯಲ್ಲ, ಕೆಲವು ವಾರಗಳಲ್ಲಿ ಆ ಹೊಳಪೂ ಇಳಿಯುತ್ತದೆ. ಅದಕ್ಕೇ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಐದಾರು ಸಲ ಮಾಡುವ ರೂಢಿ ಬಂದಿದೆ.

ಇನ್ನು ಅರಿಷಿಣದ ಹಿಂದಿನ ದಿನದ ಮಾತು. ಇದಕ್ಕೆ ನಾನು ನನ್ನದೇ ತಪ್ಪನ್ನು ಹೇಳಬೇಕಾಗುತ್ತದೆ. ಯಂತ್ರ ತಂದ ಮೊದಲ ವರ್ಷ. ಮದುವೆ ನಾಲ್ಕು ದಿನ ಇರುವಾಗ ಒಬ್ಬ ಹುಡುಗಿ ಬಂದಳು. ‘ಇನ್ನೊಂದ್ ಸಲ ಎಳೀರಿ ಮೇಡಂ, ಏನೂ ಆಗಿಲ್ಲ’ ಎಂದಳು, ಎಳೆದೆ. ‘ಇನ್ನೊಂದ್’ ಎಂದಳು, ಸಾಲದ ಕಂತಿನ ಯಂತ್ರ, ಬಂದ ಗಿರಾಕಿ ಖುಷಿಯಾಗಲಿ ಎಂದು ಮತ್ತೆ ಎಳೆದೆ. ಎಡಗಲ್ಲದ ಎಲುಬಿನ ಮೇಲೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕಿ ಎರಡು ಕಂಡವು. ಅಷ್ಟು ಕಂಡರೆ ಆಳ ಮೀರಿತೆಂದೇ ಅರ್ಥ. ಮೂರನೆಯ ದಿನಕ್ಕೆ ಅಲ್ಲಿ ಎರಡು ಕಂದು ಗೆರೆ ಮೂಡಿದವು, ಬೆರಳಲ್ಲಿ ಕಾಡಿಗೆ ಎಳೆದಂತೆ. ಮದುವೆ ಫೋಟೋದಲ್ಲೆಲ್ಲ ಆಕೆ ಬಲಗಲ್ಲವನ್ನೇ ತೋರಿಸಿದ್ದಾಳೆ, ಆಲ್ಬಂ ತಂದು ನನಗೆ ತೋರಿಸಿದಳು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಗೆರೆ ಹೋಗಲು ಐದು ತಿಂಗಳು ಬೇಕಾಯಿತು.

ಚರ್ಮದ ಮೇಲೆ ಬಿಸಿಲಿನ ಪರಿಣಾಮ ನೋಡಿ ಅದನ್ನು ಆರು ನಮೂನೆಗಳಲ್ಲಿ ವಿಂಗಡಿಸುವ ಒಂದು ಲೆಕ್ಕ ಇದೆ, ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು 1975ರಲ್ಲಿ ಶುರುಮಾಡಿದ್ದು. ನಮ್ಮ ಕಡೆಯವರು ಹೆಚ್ಚಾಗಿ ನಾಲ್ಕು, ಐದರಲ್ಲಿ ಬರುತ್ತೇವೆ. ಈ ಚರ್ಮ ಬಿಸಿಲಿಗೆ ಸುಲಭಕ್ಕೆ ಸುಡುವುದಿಲ್ಲ, ಸುಕ್ಕೂ ತಡ. ಆದರೆ ಗಾಯಕ್ಕೆ ಅದರ ಉತ್ತರ ಒಂದೇ: ಕಪ್ಪಾಗುವುದು. ಸೊಳ್ಳೆ ಕಡಿದಲ್ಲಿ ಕಪ್ಪು, ಮೊಡವೆ ಒಡೆದಲ್ಲಿ ಕಪ್ಪು, ಪಾಲಿಷ್ ಅತಿಯಾದಲ್ಲಿಯೂ ಕಪ್ಪು.

ಆದ್ದರಿಂದ ಕಡೆಯ ಸಿಟಿಂಗ್ ಅಕ್ಷತೆಗೆ ಹದಿನೈದು ದಿನ ಮೊದಲೇ ಮುಗಿದಿರಲಿ. ಆಗಷ್ಟೇ ಸಿಪ್ಪೆ ತೆಗೆದ ಮುಖಕ್ಕೆ ಅರಿಷಿಣ ಬಡಿದರೆ ಉರಿ ಹಿಡಿದು ನಿಲ್ಲುತ್ತದೆ. ಬ್ಲೀಚು, ಥ್ರೆಡಿಂಗು, ವ್ಯಾಕ್ಸು ಏನೇ ಇದ್ದರೂ ಪಾಲಿಷಿನ ಹಿಂದೆ ಮುಂದೆ ಒಂದು ವಾರ ಬೇಡ. ನೀವು ಹುಬ್ಬಳ್ಳಿಯಲ್ಲಿ ರಂಗಪಂಚಮಿ ಆಡುವವರಾದರೆ ಆ ಲೆಕ್ಕವನ್ನೂ ಇಟ್ಟುಕೊಳ್ಳಿ, ನಮ್ಮಲ್ಲಿ ಬಣ್ಣ ಹೋಳಿಯ ದಿನ ಅಲ್ಲ, ಐದನೆಯ ದಿನ. ಮತ್ತೆ ಆರು ಸಿಟಿಂಗಿನ ರೊಕ್ಕ ಒಮ್ಮೆಲೇ ಕಟ್ಟಬೇಡಿ. ಒಂದು ಮಾಡಿಸಿ, ಮೂರು ವಾರ ಮುಖ ನೋಡಿಕೊಳ್ಳಿ. ಇಷ್ಟವಾದರೆ ಮುಂದಿನದು.

ಪ್ರಶ್ನೆ: ಡಾಕ್ಟರ ಬಾಯಾರಿಗೆ ನಮಸ್ಕಾರ. ನನಗ 39 ವರ್ಷ. ಮೆಣಸಿನಕಾಯಿ ತುಂಬು ಬಿಡಸಾಕ ಹೋಗತೇನಿ. ಎರಡನೇದಾಕಿ ಹುಟ್ಟಿದ ಮ್ಯಾಲೆ ಎರಡೂ ಗಲ್ಲಕ್ಕ ಬಂಗು ಬಂದೈತಿ. ಮೆಡಿಕಲ್ ಅಂಗಡ್ಯಾಗ ಒಂದು ಟ್ಯೂಬ್ ಕೊಟ್ರು, ಹಚ್ಚಿದ್ರ ಹೋಗತೈತಿ, ಬಿಟ್ರ ಮೊದಲಿನಕಿಂತ ಹೆಚ್ಚ ಬರತೈತಿ. ನಾಕ್ ವರ್ಷಾತು. ಈಗೀಗ ಮಾರಿ ಉರಿತೈತಿ, ಗಲ್ಲಕ್ಕ ಸಣ್ಣ ಕೂದಲಾ ಬಂದಾವ. ಮಗಳು ಫೋನಿನ್ಯಾಗ ಈ ಮಷಿನ್ ತೋರಸ್ಯಾಳ. ಮಾಡಸಲೇನ್ರಿ? (ಬ್ಯಾಡಗಿ)

ಉತ್ತರ: ಬ್ಯಾಡ್ರಿ ಅಕ್ಕಾರ. ಈಗಂತೂ ಖಂಡಿತ ಬ್ಯಾಡ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಯಂತ್ರದ ಬಗ್ಗೆ, ನನ್ನ ಕಣ್ಣು ನಿಂತದ್ದು ಟ್ಯೂಬಿನ ಮೇಲೆ. ಹಚ್ಚಿದರೆ ಹೋಗುವುದು, ಬಿಟ್ಟರೆ ಇಮ್ಮಡಿ ಬರುವುದು, ಉರಿ, ಗಲ್ಲದ ಮೇಲೆ ಕೂದಲು — ನಾಲ್ಕೂ ಸೇರಿದರೆ ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದೆ ಎಂದು ನೋಡದೆಯೂ ಹೇಳಬಹುದು. ಮಗಳಿಗೆ ಹೇಳಿ, ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿಸಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ — ಇವುಗಳಲ್ಲಿ ಒಂದು ಹೆಸರು ಸಿಕ್ಕೀತು. ಇವು ಕೆಟ್ಟ ಔಷಧಗಳಲ್ಲ, ಇಸಬಿಗೆ, ಸೋರಿಯಾಸಿಸ್ಸಿಗೆ ನಾನೇ ದಿನಾ ಬರೆಯುತ್ತೇನೆ, ವಾರ ಎರಡು ವಾರಕ್ಕೆ. ನಾಲ್ಕು ವರ್ಷ ಮುಖಕ್ಕೆ ಹಚ್ಚಲು ಅಲ್ಲ. ಹಚ್ಚುತ್ತ ಹೋದರೆ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಾಗಿ ರಕ್ತನಾಳ ಮೇಲೆ ಕಾಣತೊಡಗುತ್ತವೆ. ಅಂಥ ಮುಖದ ಮೇಲೆ ಪಾಲಿಷಿನ ತುದಿ ಇಟ್ಟರೆ ಸಿಪ್ಪೆಯ ಜತೆ ಹಸಿ ಚರ್ಮವೇ ಎದ್ದು ಬರುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ನಿಮಗೆ ಚೀಟಿ ಇಲ್ಲದೇ ಸಿಕ್ಕಿತು, ಸಿಗುತ್ತಲೇ ಇದೆ. ನನ್ನ ಕ್ಲಿನಿಕ್ಕಿಗೆ ಬರುವ ‘ಬಂಗು’ಗಳಲ್ಲಿ ಅರ್ಧದಷ್ಟು ಮುಖಗಳು ಮೊದಲು ಇಂಥ ಟ್ಯೂಬು ಕಂಡೇ ಬಂದಿರುತ್ತವೆ. ಸಿಟ್ಟು ಬರುವುದು ಹಚ್ಚಿಕೊಂಡವರ ಮೇಲಲ್ಲ.

ನಾಳೆಯೇ ಬಿಸಾಕುತ್ತೇನೆ ಎಂದು ಹೊರಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ, ಹೆದರಿ ಮತ್ತೆ ಅದನ್ನೇ ಹಚ್ಚುತ್ತೀರಿ, ಅಲ್ಲಿಗೆ ಮುಗಿಯಿತು. ಹಂತ ಹಂತವಾಗಿ ಬಿಡಿಸಬೇಕು, ಅದನ್ನು ಚರ್ಮದ ಡಾಕ್ಟರೇ ಮಾಡಬೇಕು. ಖಾಸಗಿಗೆ ರೊಕ್ಕ ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಹೆಸರು ಬದಲಾದರೂ ನಾವೆಲ್ಲ ಇನ್ನೂ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ. ಬ್ಯಾಡಗಿಯಿಂದ ರೈಲಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಬರುವಾಗ ಟ್ಯೂಬು ತರುವುದನ್ನು ಮರೆಯಬೇಡಿ.

ಬಂಗಿನ ವಿಷಯ. ಬಸುರು, ಗರ್ಭನಿರೋಧಕ ಗುಳಿಗೆ, ಮನೆತನದ ಗುಣ, ಬಿಸಿಲು ಇವೆಲ್ಲ ಸೇರಿ ಬರುವಂಥದು ಅದು. ಎಲ್ಲವೂ ನಮ್ಮ ಕೈಯಲ್ಲಿಲ್ಲ, ಬಿಸಿಲು ಮಾತ್ರ ಅಷ್ಟಿಷ್ಟು ಕೈಯಲ್ಲಿದೆ. ಬಂಗಿನ ಬಣ್ಣ ಮೇಲ್ಪದರದಲ್ಲಷ್ಟೇ ಇದ್ದರೆ ಔಷಧದ ಜತೆಗೆ, ಬಹಳ ಹಗುರ ಕೈಯಿಂದ ಪಾಲಿಷ್ ಮಾಡುವವರಿದ್ದಾರೆ. ನಾನು ಬಂಗಿಗೆ ಮಾಡುವುದಿಲ್ಲ. ತಿಕ್ಕಿದಷ್ಟೂ ಕೆರಳುವ ಗುಣ ಅದರದು. ಬದಲಿಗೆ ಸನ್‌ಸ್ಕ್ರೀನು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸಾಕು, ಬಟಾಣಿಯಷ್ಟು ಹಚ್ಚಿದರೆ ಹಚ್ಚಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನು ಸಿಕ್ಕರೆ ಬಂಗಿಗೆ ಅದು ಇನ್ನೂ ಒಳ್ಳೆಯದು, ಅದರಲ್ಲಿರುವ ಐರನ್ ಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಇದು ತಿಂಗಳ ಖರ್ಚು, ಕೂಲಿ ಮಾಡುವವರಿಗೆ ಸಲೀಸಲ್ಲ. ಕೊಳ್ಳಲಾಗದ ತಿಂಗಳು ಸೆರಗು ಹಣೆಯ ಮುಂದಕ್ಕೆ ಎಳೆದು, ಚಪ್ಪರದ ನೆರಳಿಗೆ ಮುಖ ಮಾಡಿ ಕೂತುಕೊಳ್ಳಿ. ಅದೂ ಔಷಧವೇ.

ಇನ್ನೊಂದು. ತೊಟ್ಟು ಬಿಡಿಸಿದ ಕೈಯಿಂದ ಬೆವರು ಒರೆಸಿಕೊಳ್ಳುತ್ತೀರಿ, ನಿಮ್ಮ ಊರಿನವರು ಬಂದಾಗಲೆಲ್ಲ ಗಲ್ಲದ ಮೇಲೆ ಆ ಗುರುತು ನೋಡುತ್ತೇನೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ನಿಜ. ಆದರೂ ನಾಲ್ಕು ವರ್ಷ ಸ್ಟಿರಾಯ್ಡ್ ಕಂಡ ಮುಖಕ್ಕೆ ಅಷ್ಟು ಖಾರವೂ ಹೆಚ್ಚು. ಖಾರ ಬರೀ ನೀರಿಗೆ ಬಿಡುವುದಿಲ್ಲ. ಕೈಗೆ ಮೊದಲು ಒಂದು ಹನಿ ಅಡಿಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನು ಹಾಕಿ. ಬೆವರಿಗೆ ಟೊಂಕದಲ್ಲಿ ಬೇರೆ ಅರಿವೆ ಸಿಕ್ಕಿಸಿಕೊಂಡಿರಿ. (ನೀವು ಬಿಡಿಸಿದ ಕಾಯಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಇದನ್ನು ಮಗಳಿಗೆ ಹೇಳಿ, ನಗುತ್ತಾಳೆ.)

ಪ್ರಶ್ನೆ: ವಯಸ್ಸು 23, ಹುಡುಗ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಂಡು ನಿಲ್ಲಿಸಿ ಎರಡು ತಿಂಗಳಾಯಿತು. ಮೊಡವೆ ಹೋದವು, ಗಲ್ಲದ ತುಂಬ ಕಲೆ ಉಳಿದಿವೆ. ಮೈಕ್ರೋಡರ್ಮಾಬ್ರೇಷನ್‌ನಿಂದ ಹೋಗುತ್ತವೆಯೇ? ಮಾತ್ರೆ ತಗೊಂಡವರು ಆರು ತಿಂಗಳು ಮಾಡಿಸಬಾರದು ಅನ್ನುತ್ತಾರೆ, ನಿಜವೇ? (ಬೆಟಗೇರಿ, ಗದಗ)

ಉತ್ತರ: ಕಲೆಯೋ ಗುಳಿಯೋ, ಮೊದಲು ಅದನ್ನು ನೋಡಿಕೊ ತಮ್ಮಾ. ರಾತ್ರಿ ದೀಪ ಆರಿಸಿ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚನ್ನು ಕಿವಿಯ ಬದಿಯಿಂದ ಗಲ್ಲಕ್ಕೆ ಹಿಡಿ. ನೆರಳು ಬೀಳುವಂಥವು ಗುಳಿ. ನೆರಳಿಲ್ಲದೆ ಬರೀ ಕಂದಾಗಿ ಕಂಡರೆ ಕಲೆ. ಕಲೆಗಳು ಸನ್‌ಸ್ಕ್ರೀನು ಹಚ್ಚಿಕೊಂಡಿದ್ದರೆ ಕೆಲವು ತಿಂಗಳಲ್ಲಿ ತಾವೇ ಮಸುಕಾಗುತ್ತವೆ, ಪಾಲಿಷು ಆ ಕೆಲಸವನ್ನು ಸ್ವಲ್ಪ ಬೇಗ ಮಾಡೀತು. ಗುಳಿಗೆ ಮಾತ್ರ ಅದು ಉಪಯೋಗವಿಲ್ಲ. ತಗ್ಗು ಬಿದ್ದ ರಸ್ತೆಗೆ ಎಷ್ಟು ಕಸಬರಿಗೆ ಆಡಿಸಿದರೂ ತಗ್ಗು ತಗ್ಗೇ. ಸೂಜಿ ಚುಚ್ಚಿದಂಥ ಆಳದ ಗುಳಿಗೆ ಒಂದೊಂದಕ್ಕೂ ಆಮ್ಲ ಮುಟ್ಟಿಸುವ ಕ್ರಮ ಇದೆ, ಅಲೆಯಂಥ ತಗ್ಗಿಗೆ ಚರ್ಮದಡಿಯ ಎಳೆ ಕತ್ತರಿಸುವ ಸಬ್‌ಸಿಷನ್ ಇದೆ, ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಇದೆ, ಚುಕ್ಕಿ ಚುಕ್ಕಿಯಾಗಿ ಬೆಳಕು ಹಾಯಿಸುವ ಫ್ರ್ಯಾಕ್ಷನಲ್ ಲೇಸರ್ ಇದೆ. ಒಬ್ಬನದೇ ಗಲ್ಲದಲ್ಲಿ ಬೇರೆ ಬೇರೆ ನಮೂನೆಯ ಗುಳಿ ಇರುವುದು ಸಾಮಾನ್ಯ.

ಆರು ತಿಂಗಳ ಮಾತು ನಾವೇ ಓದಿದ್ದು, ನಾವೇ ಹೇಳಿದ್ದು. ಆದರೆ 2017ರಲ್ಲಿ ಅಮೆರಿಕದ ಚರ್ಮತಜ್ಞರು ಅದುವರೆಗಿನ ಪುರಾವೆಯನ್ನೆಲ್ಲ ಹರಡಿಕೊಂಡು ನೋಡಿ, ಇಂಥ ಮೇಲ್ಮಟ್ಟದ ಚಿಕಿತ್ಸೆಗೆ ಅಷ್ಟು ಕಾಯಿಸಲು ಆಧಾರ ಸಾಲದು ಎಂದರು. ರಕ್ತ ಬರುವಷ್ಟು ಆಳಕ್ಕೆ ಯಂತ್ರದಿಂದ ಉಜ್ಜುವ ಡರ್ಮಾಬ್ರೇಷನ್ ಬೇರೆ, ಅದಕ್ಕೆ ತಡೆ ಹಾಗೇ ಇದೆ. ಹೆಸರು ಒಂದೇ ಥರ ಕೇಳುತ್ತದೆ, ಮೋಸ ಹೋಗಬೇಡ. ನಿನಗೆ ಎರಡು ತಿಂಗಳಾಗಿದೆ, ತುಟಿ ಇನ್ನೂ ಒಡೆಯುತ್ತಿದ್ದರೆ ಚರ್ಮ ಇನ್ನೂ ಒಣಗಿದೆ ಎಂದರ್ಥ, ಆ ಒಣಕಲು ಹೋಗುವವರೆಗೆ ನಾನಾದರೆ ತಡೆಯುತ್ತೇನೆ.

ಪ್ರಶ್ನೆ: ನಿವೃತ್ತ ಶಿಕ್ಷಕಿ, 61 ವರ್ಷ. ಮುಖ ಒಣಗಿ ಮಾಸಿದಂತಿದೆ, ಬಾಯಿ ಸುತ್ತ ಸಣ್ಣ ಗೆರೆಗಳು. ಈ ವಯಸ್ಸಿನಲ್ಲಿ ಇದನ್ನೆಲ್ಲ ಕೇಳುವುದಕ್ಕೇ ನಾಚಿಕೆ. ಸಕ್ಕರೆ ಕಾಯಿಲೆ ಇದೆ, ಹಿಡಿತದಲ್ಲಿದೆ. (ರಾಣೇಬೆನ್ನೂರು)

ಉತ್ತರ: ಟೀಚರೇ, ಈ ಪಾಲಿಷಿಗೆ ಹೇಳಿ ಮಾಡಿಸಿದ ಮುಖ ಅಂದರೆ ನಿಮ್ಮಂಥದೇ. ಇಪ್ಪತ್ತರ ಹುಡುಗಿಯರ ಸಿಪ್ಪೆ ತಾನೇ ಉದುರುತ್ತದೆ, ಅವರು ಸುಮ್ಮನೆ ರೊಕ್ಕ ಕೊಡುತ್ತಾರೆ. ನಿಮ್ಮ ವಯಸ್ಸಿಗೆ ಉದುರುವುದು ನಿಧಾನ, ತೆಗೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 2009ರಲ್ಲಿ ನಿಮ್ಮ ಓರಗೆಯವರ ಬಿಸಿಲುಂಡ ಚರ್ಮದ ಮೇಲೆ ನೋಡಿದ್ದಾರೆ: ದಪ್ಪ ತರಿಯ ವಜ್ರದ ತುದಿಯಿಂದ ಉಜ್ಜಿದಾಗ ಒಳಗೆ ಹೊಸ ಕೊಲಾಜನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಎಳೆ, ತಯಾರಾಗುವ ಕೆಲಸ ಶುರುವಾಗುತ್ತದೆ. ಸಣ್ಣ ಗೆರೆಗಳು ತುಸು ಮೆತ್ತಗಾದಾವು. ಹಣೆಯ ಆಳದ ಗೆರೆ ಹಾಗೇ ಇರುತ್ತವೆ, ನಲವತ್ತು ವರ್ಷ ಹುಡುಗರನ್ನು ಗದರಿಸಿದ ಗೆರೆ ಅವು.

ಸಕ್ಕರೆ ಹಿಡಿತದಲ್ಲಿದ್ದರೆ ತೊಂದರೆಯಿಲ್ಲ, ಆದರೆ ಮೂರು ತಿಂಗಳ ಸರಾಸರಿಯ ವರದಿ ಜತೆಗಿರಲಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿ. ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುವ ಹರ್ಪಿಸ್ ಇದ್ದರಂತೂ ಹೇಳಲೇಬೇಕು, ಉಜ್ಜಿದರೆ ಅದು ಎದ್ದು ಹಬ್ಬುತ್ತದೆ. ತಿಂಗಳಿಗೊಂದರಂತೆ ನಾಲ್ಕು ಸಾಕು, ಆಮೇಲೆ ಬೇಕಾದರೆ ಮೂರು ತಿಂಗಳಿಗೊಂದು. ನಡುವಿನ ದಿನಗಳಲ್ಲಿ ಸ್ನಾನವಾದ ಕೂಡಲೇ, ಮುಖದ ಹಸಿ ಆರುವ ಮೊದಲು, ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ಅರ್ಧ ಕೆಲಸ ಅದೇ ಮಾಡುತ್ತದೆ. ನಾಚಿಕೆಯ ಮಾತು ನಿಮ್ಮ ಸೊಸೆಯಂದಿರು ಎತ್ತಿದರೆ ಅವರನ್ನೂ ಕರೆದುಕೊಂಡು ಬನ್ನಿ.

ಪ್ರಶ್ನೆ: ಹತ್ತು ವರ್ಷದಿಂದ ಸಣ್ಣ ಪಾರ್ಲರ್ ನಡೆಸುತ್ತಿದ್ದೇನೆ. ಡೈಮಂಡ್ ಯಂತ್ರ ಕೊಳ್ಳಬೇಕೆಂದಿದ್ದೇನೆ, ಕಂಪನಿಯವರು ಒಂದು ದಿನದ ತರಬೇತಿ ಕೊಡುತ್ತಾರೆ. ಡಾಕ್ಟರುಗಳು ನಮ್ಮಂಥವರನ್ನು ಬೈಯುತ್ತೀರಿ, ಗೊತ್ತು. ಏನು ನೋಡಿಕೊಳ್ಳಬೇಕು ಹೇಳಿ. (ಹಳೇ ಹುಬ್ಬಳ್ಳಿ)

ಉತ್ತರ: ಬೈಯುವುದಿಲ್ಲ ಅಕ್ಕಾ. ಮೇಲೆ ನನ್ನದೇ ಕಥೆ ಬರೆದಾಗಿದೆ.

ಎಳೆಯುವುದನ್ನು ಕಲಿಯಲು ಒಂದು ದಿನ ಸಾಕು. ಯಾರ ಮುಖಕ್ಕೆ ಎಳೆಯಬಾರದು ಎಂಬುದು ಒಂದು ದಿನಕ್ಕೆ ಬರುವುದಿಲ್ಲ, ಕಂಪನಿಯವರು ಅದನ್ನು ಹೇಳಿಕೊಡುವುದೂ ಇಲ್ಲ. ಕೀವು ತುಂಬಿದ ಮೊಡವೆ ಇದ್ದರೆ ವಾಪಸು ಕಳಿಸಿ. ಮುಖದ ಮೇಲೆ ಅಕ್ಕಿಕಾಳಿನ ತಲೆಯಂಥ ಚಪ್ಪಟೆ ನರಹುಲಿಗಳಿದ್ದರೆ ಮುಟ್ಟಲೇಬೇಡಿ, ತುದಿ ಹೋದ ದಾರಿಯುದ್ದಕ್ಕೂ ಸಾಲಾಗಿ ಏಳುತ್ತವೆ. ತೊನ್ನು ಮತ್ತು ಸೋರಿಯಾಸಿಸ್‌ನದು ಇನ್ನೂ ವಿಚಿತ್ರ: ಮೈಯಲ್ಲಿ ಬೇರೆಲ್ಲೋ ಸಣ್ಣ ಮಚ್ಚೆ ಇದ್ದರೂ, ಚೆನ್ನಾಗಿರುವ ಚರ್ಮಕ್ಕೆ ಪೆಟ್ಟು ಬಿದ್ದಲ್ಲಿ ಹೊಸದು ಮೂಡಬಹುದು. ಗಿರಾಕಿ ಹೇಳುವುದಿಲ್ಲ, ನೀವು ಬಾಗಿಲು ಹಾಕಿ, ಬೇರೆಯವರಿಗೆ ಕೇಳದಂತೆ ವಿಚಾರಿಸಬೇಕು. ಮುಖಕ್ಕೆ ಯಾವ ಟ್ಯೂಬು ಹಚ್ಚುತ್ತೀರಿ ಎಂಬುದನ್ನೂ ಹಾಗೇ ಕೇಳಿ, ಬ್ಯಾಡಗಿಯ ಪತ್ರ ಓದಿದಿರಲ್ಲ. ಆ ಟ್ಯೂಬಿನಲ್ಲಿ ಸಿಪ್ಪೆ ಬೇಗ ಉದುರಿಸುವ ರೆಟಿನಾಲ್, ಟ್ರೆಟಿನಾಯಿನ್ ಇದ್ದರೆ ಐದಾರು ದಿನ ಮೊದಲೇ ನಿಲ್ಲಿಸಲು ಹೇಳಿ.

ಆಮೇಲೆ ತುದಿಯ ಸ್ವಚ್ಛತೆ. ಒಬ್ಬರಿಗೆ ಬಳಸಿದ ತುದಿಯನ್ನು ಡೆಟ್ಟಾಲಿನಲ್ಲಿ ಅದ್ದಿ ಇನ್ನೊಬ್ಬರಿಗೆ ಇಡುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾಣದಷ್ಟು ಸಣ್ಣ ರಕ್ತದ ಹನಿಯಲ್ಲೂ ಯಕೃತ್ತಿಗೆ ಕಾಯಿಲೆ ತರುವ ಹೆಪಟೈಟಿಸ್ ಬಿ ವೈರಸ್ಸು ಇರಬಹುದು. ತುದಿಯನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದು ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಡಬ್ಬಿಯಲ್ಲಿ, 121 ಡಿಗ್ರಿಯಲ್ಲಿ ಕನಿಷ್ಠ ಹದಿನೈದು ನಿಮಿಷ ಇಡಬೇಕು. ಅಂದರೆ ಎರಡು ಮೂರು ಜತೆ ತುದಿ ಬೇಕು, ಆಟೋಕ್ಲೇವೂ ಬೇಕು. ಬಿಲ್ಲೆ ಪ್ರತಿ ಗಿರಾಕಿಗೂ ಹೊಸದು. ಈ ಖರ್ಚು ಸೇರಿಸಿ ಲೆಕ್ಕ ಹಾಕಿದ ಮೇಲೂ ಯಂತ್ರ ಬೇಕೆನಿಸಿದರೆ, ಕೊಳ್ಳುವ ಮೊದಲು ಒಂದು ಬುಧವಾರ ಮಧ್ಯಾಹ್ನ ವಿದ್ಯಾನಗರದ ನನ್ನ ಕ್ಲಿನಿಕ್ಕಿಗೆ ಬನ್ನಿ, ಅವತ್ತು ಗದ್ದಲ ಕಡಿಮೆ. ನಿಮ್ಮ ಮುಂಗೈ ಮೇಲೆ ನಾನು ಎರಡು ಗೆರೆ ಎಳೆಯುತ್ತೇನೆ, ನನ್ನ ಮುಂಗೈ ಮೇಲೆ ನೀವು ಎರಡು ಎಳೆಯಿರಿ. ಬರುವಾಗ ಕಂಪನಿಯವರು ಕೊಟ್ಟ ಪುಸ್ತಿಕೆ ತನ್ನಿ. ಅದರಲ್ಲಿ ‘ಯಾರಿಗೆ ಮಾಡಬಾರದು’ ಎಂಬ ಪುಟ ಇದೆಯೋ ಇಲ್ಲವೋ ಇಬ್ಬರೂ ಕೂಡಿ ನೋಡೋಣ.